ಇಳಿದು ಬರುವ ಹೊರೆ

ಒಂದು ಹೆಣ್ಣು ಎಲ್ಕ್, ಅಂದರೆ ಅಮೆರಿಕದ ದೊಡ್ಡ ಜಿಂಕೆ. ಮೂಳೆಯೆಲ್ಲ ಬಿಡಿಸಿದ ಮೇಲೆ ಮಾಂಸ 65 ಕೆ.ಜಿ. ಬಂತು. ಮನೆಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿ ಚೀಲ ಚೀಲವಾಗಿ ತೂಗಿ ಬರೆದಿಟ್ಟ ಲೆಕ್ಕ ಇದು. ಅಷ್ಟನ್ನೂ ನಾನು, ಪಕ್ಕದ ಮನೆಯ ಹಿರಿಯರು ಇಬ್ಬರೇ ಬೆನ್ನ ಮೇಲೆ ಹೊತ್ತು, 8 ಕಿಲೋಮೀಟರ್ ಇಳಿದು, ಕಾರಿನವರೆಗೆ ತಂದೆವು. ಬೆಟ್ಟದ ಬೇಟೆಗೆ ಹಗುರವಾದ ಸಾಮಾನು ಹೇಗೆ ಆರಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ 65 ಕೆ.ಜಿ. ಲೆಕ್ಕವನ್ನೇ. ಟೆಂಟು, ಚೀಲ, ಕೋವಿ ಎಲ್ಲ ಆಮೇಲೆ.

ನಾನು ತೀರ್ಥಹಳ್ಳಿ ಕಡೆಯವನು. ಕೆಲಸಕ್ಕೆ ಅಂತ ಅಮೆರಿಕದ ಕೊಲೊರಾಡೊ ರಾಜ್ಯಕ್ಕೆ ಬಂದು ಡೆನ್ವರ್ ಹತ್ತಿರ ನೆಲೆ ನಿಂತು ಹದಿನೈದು ವರ್ಷ ಆಯಿತು. ನಮ್ಮಜ್ಜನ ಕಾಲದಲ್ಲಿ ಮನೆಯಲ್ಲಿ ಕೋವಿ ಇತ್ತು, ಶಿಕಾರಿ ಇತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ನಿಂತಿತು. ನಿಂತದ್ದೇ ಒಳ್ಳೆಯದಾಯಿತು. ನಮ್ಮ ಕಾಡಿನಲ್ಲಿ ಇವತ್ತು ಕಡವೆ, ಕಾಟಿ ಕಾಣಸಿಗುತ್ತಿದ್ದರೆ ಅದಕ್ಕೆ ಆ ಕಾಯ್ದೆಯೂ ಕಾರಣ.

ಇಲ್ಲಿಯ ಕತೆ ಬೇರೆ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣನಂಥ ಪ್ರಾಣಿ. ದೊಡ್ಡ ಗಂಡು 300 ಕೆ.ಜಿ. ದಾಟುತ್ತದೆ. ಇಪ್ಪತ್ತನೇ ಶತಮಾನದ ಮೊದಲಿಗೆ ಕೊಲೊರಾಡೊದಲ್ಲಿ ಇವು ಮುಗಿದೇ ಹೋಗುವ ಹಂತಕ್ಕೆ ಬಂದಿದ್ದವು. ಮಾರಾಟಕ್ಕೆಂದು ಲೆಕ್ಕವಿಲ್ಲದೆ ಹೊಡೆದದ್ದೇ ಅದಕ್ಕೆ ಮುಖ್ಯ ಕಾರಣ. ಆಮೇಲೆ ಪಕ್ಕದ ವಯೋಮಿಂಗ್‌ನಿಂದ ತಂದು ಬಿಟ್ಟರು, ಬೇಟೆಗೆ ಕಾಲ, ಲೆಕ್ಕ, ಪರವಾನಗಿ ಎಲ್ಲ ಕಟ್ಟುನಿಟ್ಟು ಮಾಡಿದರು. ಇವತ್ತು ಅಮೆರಿಕದ ಬೇರೆ ಯಾವ ರಾಜ್ಯಕ್ಕಿಂತಲೂ ಜಾಸ್ತಿ ಎಲ್ಕ್ ಇರುವುದು ಇಲ್ಲೇ. ಬೇಟೆಗಾರರು ಕೊಳ್ಳುವ ಉದ್ದ ನಳಿಗೆಯ ಕೋವಿ, ತೋಟಾಗಳ ಮೇಲೆ 11 ಪರ್ಸೆಂಟ್ ತೆರಿಗೆ ಇದೆ. 1937ರ ಒಂದು ಕಾಯ್ದೆಯಂತೆ ಆ ಹಣ ವನ್ಯಜೀವಿಗಳ ಕೆಲಸಕ್ಕೇ ಹೋಗಬೇಕು. ಇದನ್ನೆಲ್ಲ ಓದಿ ತಿಳಿದ ಮೇಲೆಯೇ ನಾನು ಬೇಟೆಯ ತರಗತಿಗೆ ಹೆಸರು ಕೊಟ್ಟದ್ದು. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆ ಸಾಮಾನ್ಯವಾಗಿ ಆ ತರಗತಿ ಮುಗಿಸದೆ ಇಲ್ಲಿ ಬೇಟೆಯ ಪರವಾನಗಿ ಸಿಗುವುದಿಲ್ಲ.

ನಾವು ಹೋಗುವುದು ಫ್ಲ್ಯಾಟ್ ಟಾಪ್ಸ್ ಎಂಬ ಕಡೆಗೆ. ಹೆಸರೇ ಹೇಳುವಂತೆ ತಲೆ ಚಪ್ಪಟೆಯಾದ ಬೆಟ್ಟಗಳ ಸೀಮೆ. ಬಹುಪಾಲು 3,000 ಮೀಟರ್‌ಗಿಂತ ಎತ್ತರ. ಅಲ್ಲಿ ಟ್ರ್ಯಾಪರ್ಸ್ ಲೇಕ್ ಅಂತ ಒಂದು ಕೆರೆ ಇದೆ. 1919ರಲ್ಲಿ ಆ ಕೆರೆಯ ಸುತ್ತ ಬೇಸಿಗೆ ಮನೆಗಳಿಗೆ ಜಾಗ ಗುರುತು ಮಾಡಿ ಬಾ ಅಂತ ಅರಣ್ಯ ಇಲಾಖೆ ಆರ್ಥರ್ ಕಾರ್ಹಾರ್ಟ್ ಎಂಬ ಯುವಕನನ್ನು ಕಳಿಸಿತ್ತು. ಆತ ಜಾಗ ನೋಡಿ ಬಂದು, ಇಲ್ಲಿ ಏನನ್ನೂ ಕಟ್ಟಬೇಡಿ, ಹೀಗೇ ಬಿಡಿ ಅಂತ ವರದಿ ಕೊಟ್ಟ. ಅವನ ಮಾತು ನಡೆಯಿತು. ಈಗಲೂ ಕೆರೆಯ ದಡದಲ್ಲಿ ಆ ಮನೆಗಳಿಲ್ಲ. 1975ರಿಂದ ಇಡೀ ಪ್ರದೇಶ ಕಾಯ್ದಿಟ್ಟ ಕಾಡು. ಮೋಟಾರು ಗಾಡಿ ಬಿಡಿ, ಸೈಕಲ್ ಕೂಡ ಒಳಗೆ ಹೋಗುವಂತಿಲ್ಲ. ಕುದುರೆ ಇದ್ದವರು ಕುದುರೆ ತರುತ್ತಾರೆ. ನಮ್ಮಂಥವರಿಗೆ ಕಾಲು, ಬೆನ್ನು ಅಷ್ಟೇ.

ಇನ್ನೊಂದು ಕಾನೂನು ಇದೆ. ನನಗೆ ಬಹಳ ಹಿಡಿಸಿದ ಕಾನೂನು. ಹೊಡೆದ ಪ್ರಾಣಿಯ ತಿನ್ನಬಹುದಾದ ಮಾಂಸವನ್ನು ಬೆಟ್ಟದಲ್ಲಿ ಬಿಟ್ಟು ಬರುವಂತಿಲ್ಲ. ಕಡಿಮೆ ಅಂದರೂ ನಾಲ್ಕು ಕಾಲಿನ ಭಾಗ, ಬೆನ್ನಿನ ಉದ್ದಕ್ಕೂ ಇರುವ ಮಾಂಸ, ಒಳಗಿನ ಮೆತ್ತನೆ ಮಾಂಸ ಇಷ್ಟನ್ನು ತರಲೇಬೇಕು. ಕೊಂಬು ಮಾತ್ರ ಕೊಯ್ದುಕೊಂಡು ಬಂದರೆ ಅದು ಅಪರಾಧ. ಹಗುರ ಸಾಮಾನಿನ ಮಾತಿಗೆ ಇದೇ ಬುನಾದಿ ಅಂತ ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಮೊದಲನೇ ವರ್ಷ ನನ್ನ ಚೀಲ 29 ಕೆ.ಜಿ. ಇತ್ತು. ಕೋವಿ ಬೇರೆ. ಮಡಚುವ ಕುರ್ಚಿ, ಎರಡು ಬರ್ನರಿನ ಒಲೆ, ಮೂರು ಜೊತೆ ಬಟ್ಟೆ, ಅಕ್ಕಿ, ಬೇಳೆ, ಒಂದು ಪುಟ್ಟ ಕುಕ್ಕರ್, ಕೊಡಲಿ. ಮನೆಯಿಂದ ದೂರ ಹೋಗುತ್ತಿದ್ದೇನೆ ಅನ್ನೋ ಹೆದರಿಕೆಗೆ ತುಂಬಿಕೊಂಡ ಸಾಮಾನು ಅದೆಲ್ಲ. ಏನಾದರೂ ಆದರೆ, ಏನಾದರೂ ಬೇಕಾದರೆ ಅಂತ ಒಂದೊಂದೇ ಸೇರುತ್ತಾ ಹೋಗುತ್ತದೆ. ಎರಡನೇ ದಿನ ಬೆಳಿಗ್ಗೆ ಆಚೆ ಬೆಟ್ಟದ ಇಳಿಜಾರಿನಲ್ಲಿ ಹತ್ತು ಹನ್ನೆರಡು ಎಲ್ಕ್ ಮೇಯುತ್ತಿದ್ದವು. ನಡುವೆ ಒಂದು ಆಳವಾದ ಕಣಿವೆ. ಇಳಿದು ಹತ್ತಿದರೆ ಮೂರು ಗಂಟೆಯ ದಾರಿ. ನನ್ನ ಮೊಣಕಾಲು ಒಪ್ಪಲಿಲ್ಲ. ಕೂತು ನೋಡಿದೆ, ಅಷ್ಟೇ. ಅವು ನಿಧಾನಕ್ಕೆ ಮೇಯುತ್ತಾ ಮರಗಳ ಒಳಗೆ ಹೋದವು.

ಮನೆಗೆ ಬಂದು ಪಕ್ಕದ ಮನೆಯ ಹಿರಿಯರಿಗೆ ಇದನ್ನು ಹೇಳಿದೆ. ನಲವತ್ತು ವರ್ಷದಿಂದ ಈ ಬೆಟ್ಟಗಳಲ್ಲಿ ಓಡಾಡಿದವರು. ಸಿಗಲಿಲ್ಲ ಅಂತ ನನಗೆ ಬೇಜಾರು. ಅವರು ಕೇಳಿದ್ದು ಒಂದೇ ಮಾತು. ‘ಸಿಕ್ಕಿದ್ದರೆ ಹೇಗೆ ತರುತ್ತಿದ್ದೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಣಿವೆಯ ಆಚೆ ಒಂದು ಎಲ್ಕ್ ಬಿದ್ದಿದ್ದರೆ ನನ್ನ ಕೈಲಿ ಅದನ್ನು ತರಲು ಖಂಡಿತ ಆಗುತ್ತಿರಲಿಲ್ಲ. ಅರ್ಧ ಮಾಂಸ ಅಲ್ಲೇ ಕೊಳೆಯುತ್ತಿತ್ತು. ಅದನ್ನು ನೆನೆಸಿಕೊಂಡು ಆ ರಾತ್ರಿ ನಿದ್ದೆ ಬರಲಿಲ್ಲ. ಊರಿನಲ್ಲಿ ಶಿಕಾರಿ ಅಂದರೆ ಹದಿನೈದು ಇಪ್ಪತ್ತು ಜನ. ಕಾಡು ಸೋವುವವರು, ನಾಯಿ ಬಿಡುವವರು, ಕೋವಿ ಹಿಡಿದು ಕಾದು ಕೂರುವವರು. ಹಂದಿ ಬಿದ್ದರೆ ಬಡಿಗೆಗೆ ಕಟ್ಟಿ ಹೆಗಲು ಬದಲಿಸುತ್ತಾ ತರುತ್ತಿದ್ದರಂತೆ. ಹೊರುವುದು ಯಾರಿಗೂ ಒಂದು ಪ್ರಶ್ನೆಯೇ ಆಗಿರಲಿಲ್ಲ. ಇಲ್ಲಿ ಒಬ್ಬಿಬ್ಬರೇ ಹೋಗುತ್ತೇವೆ. ಹೊರುವುದೇ ದೊಡ್ಡ ಪ್ರಶ್ನೆ.

ಹಗುರ ಸಾಮಾನಿನ ಬಗ್ಗೆ ಓದಲು ಶುರು ಮಾಡಿದಾಗ ಎಲ್ಲ ಕಡೆ ಸಿಕ್ಕಿದ್ದು ದೂರ ನಡೆಯುವವರ ಅನುಭವ. ಅವರಲ್ಲಿ ನನಗೆ ತುಂಬಾ ಇಷ್ಟವಾದವರು ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಜಾರ್ಜಿಯಾದಿಂದ ಮೇನ್‌ವರೆಗೆ ಅಪಲಾಚಿಯನ್ ಟ್ರೇಲ್ ಎಂಬ ಉದ್ದದ ಕಾಲುದಾರಿಯನ್ನು ಪೂರ್ತಿ ಒಬ್ಬರೇ ನಡೆದರು. ತಾವೇ ಹೊಲಿದ ಒಂದು ಡೆನಿಮ್ ಚೀಲ, ಒಂದು ಕಂಬಳಿ, ಮಳೆಗೆ ಅಂತ ಬಚ್ಚಲಿನ ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಶೂ. ಅವರ ಬಗ್ಗೆ ಓದಿದಾಗ ನಮ್ಮೂರಿನವರು ನೆನಪಾದರು. ತಲೆಗೆ ಅಡಿಕೆ ಹಾಳೆಯ ಟೋಪಿ, ಮಳೆಗೆ ಗೊರಬು ಅಥವಾ ಕಂಬಳಿ ಕೊಪ್ಪೆ, ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಕತ್ತಿ. ಅಷ್ಟರಲ್ಲೇ ಇಡೀ ಮಳೆಗಾಲ ಕಾಡು ಸುತ್ತುತ್ತಿದ್ದರು. ಹಾಳೆ ಟೋಪಿಗೆ ತೂಕ ಅನ್ನೋದೇ ಇಲ್ಲ. ಅದೂ ತೋಟದಲ್ಲಿ ಬಿದ್ದಿದ್ದನ್ನು ಎತ್ತಿ ಹೊಲಿದುಕೊಂಡದ್ದು.

ಆದರೆ ದೂರ ನಡೆಯುವವರಿಗೂ ಬೇಟೆಗಾರನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಡೆಯುವವರ ಹೊರೆ ದಿನದಿನಕ್ಕೆ ಇಳಿಯುತ್ತದೆ. ಊಟ ಖಾಲಿಯಾದಷ್ಟೂ ಹಗುರ. ಬೇಟೆಗಾರನದು ಉಲ್ಟಾ. ಕೆಲಸ ಕೈಗೂಡಿದ ದಿನವೇ ಹೊರೆ ಮೂರು ಪಟ್ಟು, ನಾಲ್ಕು ಪಟ್ಟು ಆಗುತ್ತದೆ. ಅದಕ್ಕೇ ಅವರ ಪಟ್ಟಿಯನ್ನು ಹಾಗೆಹಾಗೇ ತಂದು ಇಲ್ಲಿ ಬಳಸಲು ಬರುವುದಿಲ್ಲ.

ಚೀಲವನ್ನೇ ನೋಡಿ. ಹಗುರ ಮಾಡಬೇಕು ಅಂತ ಹೊರಟವರ ಕಣ್ಣು ಮೊದಲು ಬೀಳುವುದು ಚೀಲದ ಮೇಲೆ. ದೂರ ನಡೆಯುವವರ ಚೀಲ ಒಂದು ಕೆ.ಜಿ.ಯೊಳಗೇ ಸಿಗುತ್ತದೆ. ಒಳಗೆ ಚೌಕಟ್ಟು ಇರುವುದಿಲ್ಲ, ಇದ್ದರೂ ತೆಳು. ಹತ್ತು ಹನ್ನೆರಡು ಕೆ.ಜಿ.ಗೆ ಚೆನ್ನಾಗಿರುತ್ತದೆ. ಅದಕ್ಕೆ 30 ಕೆ.ಜಿ. ಮಾಂಸ ಹಾಕಿದರೆ ಕುಸಿದು ಕೂರುತ್ತದೆ. ಭಾರವೆಲ್ಲ ಸೊಂಟ ಬಿಟ್ಟು ಹೆಗಲಿಗೆ ಬರುತ್ತದೆ. ಮೈ ಹಿಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ, ಕತ್ತಲಲ್ಲಿ, ಹಿಮ ಬಿದ್ದ ಕಲ್ಲಿನ ಮೇಲೆ ಅದು ಅಪಾಯ. ಹಾಗಾಗಿ ನನ್ನ ಚೀಲ 2.4 ಕೆ.ಜಿ. ತೂಗುತ್ತದೆ. ನನ್ನ ಸಾಮಾನಿನಲ್ಲಿ ಕೋವಿ ಬಿಟ್ಟರೆ ಜಾಸ್ತಿ ತೂಕದ ವಸ್ತು ಅದೇ. ಗಟ್ಟಿ ಚೌಕಟ್ಟು, ಅಗಲವಾದ ಸೊಂಟಪಟ್ಟಿ. ಚೌಕಟ್ಟಿಗೂ ಚೀಲಕ್ಕೂ ನಡುವೆ ಒಂದು ಜಾಗ ಇದೆ. ಮಾಂಸವನ್ನು ಅಲ್ಲಿ ಇಟ್ಟು ಬಿಗಿದರೆ ಭಾರ ಬೆನ್ನಿಗೆ ಅಂಟಿಕೊಂಡು ನಿಲ್ಲುತ್ತದೆ. ಚೀಲದಲ್ಲಿ ಒಂದೂವರೆ ಕೆ.ಜಿ. ಉಳಿಸಲು ಹೋಗಿ ಬೆನ್ನು ಕಳೆದುಕೊಳ್ಳಬೇಡಿ. ಉಳಿಸುವುದನ್ನು ಬೇರೆ ಕಡೆ ಉಳಿಸಿ.

ನಾನು ಉಳಿಸಿದ್ದು ಟೆಂಟಿನಲ್ಲಿ. ನಡೆಯಲು ಹಿಡಿದ ಎರಡು ಕೋಲುಗಳೇ ಟೆಂಟಿನ ಕಂಬ. ತೆಳು ಬಟ್ಟೆ, ಗೂಟ, ದಾರ ಎಲ್ಲ ಸೇರಿ ನನ್ನ ಪಾಲಿಗೆ ಬರುವುದು 900 ಗ್ರಾಂ. ಒಂದು ಎಚ್ಚರ ಮಾತ್ರ ಬೇಕು. ಫ್ಲ್ಯಾಟ್ ಟಾಪ್ಸ್‌ನಲ್ಲಿ ಸತ್ತು ನಿಂತ ಮರಗಳು ತುಂಬಾ. 1940ರ ದಶಕದಲ್ಲಿ ತೊಗಟೆ ಕೊರೆಯುವ ಹುಳ ಬಂದು ಇಲ್ಲಿಯ ಸ್ಪ್ರೂಸ್ ಕಾಡನ್ನು ಒಣಗಿಸಿತ್ತು. 2002ರಲ್ಲಿ ಟ್ರ್ಯಾಪರ್ಸ್ ಲೇಕ್ ಸುತ್ತ ದೊಡ್ಡ ಬೆಂಕಿ ಬಿತ್ತು. ಒಣಮರ ಗಾಳಿಗೆ ಸದ್ದಿಲ್ಲದೆ ಬೀಳುತ್ತದೆ. ಟೆಂಟು ಹಾಕುವ ಮೊದಲು ನಾಲ್ಕೂ ಕಡೆ ತಲೆ ಎತ್ತಿ ನೋಡುವುದು ಈಗ ಅಭ್ಯಾಸವಾಗಿದೆ.

ಎರಡನೇ ವರ್ಷ ನಾನು ಅತಿ ಹಗುರಕ್ಕೆ ಹೋದೆ. ಎಲ್ಲದರಲ್ಲೂ ಗ್ರಾಂ ಗ್ರಾಂ ಕಡಿದೆ. ಹಾಸಲು ತಗೊಂಡಿದ್ದು ತೆಳುವಾದ ಒಂದು ಫೋಮ್ ಚಾಪೆ, 410 ಗ್ರಾಂ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ, ಸಾಕು ಅಂದುಕೊಂಡೆ. ಆ ರಾತ್ರಿ ಮೈನಸ್ 8 ಡಿಗ್ರಿಗೆ ಇಳಿಯಿತು. ಮೇಲಿನಿಂದ ಚಳಿ ಇಲ್ಲ. ಕೆಳಗಿನಿಂದ, ನೆಲದಿಂದ, ಬೆನ್ನು ಮೂಳೆಯೊಳಗೆ ಚಳಿ ಹತ್ತಿತು. ನಾವು ಮಲಗಿದಾಗ ಬ್ಯಾಗಿನ ಕೆಳಭಾಗಕ್ಕೆ ತುಂಬಿದ ಪುಕ್ಕ ನಮ್ಮ ಭಾರಕ್ಕೆ ಚಪ್ಪಟೆಯಾಗುತ್ತದೆ. ಪುಕ್ಕದ ನಡುವೆ ಗಾಳಿ ನಿಂತರೆ ತಾನೇ ಬೆಚ್ಚಗಿರುವುದು? ಗಾಳಿ ಹೋದರೆ ಅದು ಬರೀ ಬಟ್ಟೆ. ನೆಲದ ಚಳಿ ತಡೆಯುವ ಕೆಲಸ ಪೂರ್ತಿ ಕೆಳಗಿನ ಹಾಸಿನದು.

ಹಾಸು ಎಷ್ಟು ಚಳಿ ತಡೆಯುತ್ತದೆ ಅನ್ನೋದಕ್ಕೆ ಆರ್-ವ್ಯಾಲ್ಯೂ ಅಂತ ಒಂದು ಅಳತೆ ಇದೆ. ನನ್ನ ಫೋಮ್ ಚಾಪೆಯದು 2. ಬೇಸಿಗೆಗೆ ಸರಿ. ಅಕ್ಟೋಬರ್ ಕೊನೆಯ ಬೆಟ್ಟಕ್ಕೆ ಕಡಿಮೆ ಅಂದರೂ ನಾಲ್ಕೂವರೆ ಬೇಕು ಅನ್ನೋದು ಈಗ ನನ್ನ ಲೆಕ್ಕ. ಚಳಿ ಜಾಸ್ತಿ ಆಗುವವರಿಗೆ ಇನ್ನೂ ಮೇಲೆ. ಗಮ್ಮತ್ತು ಅಂದರೆ ಈಗ ನಾನು ಒಯ್ಯುವ ಗಾಳಿ ತುಂಬುವ ಹಾಸಿನ ಆರ್-ವ್ಯಾಲ್ಯೂ 7ಕ್ಕಿಂತ ಮೇಲಿದೆ, ತೂಕ ಮಾತ್ರ 450 ಗ್ರಾಂ. ಬರೀ 40 ಗ್ರಾಂ ಜಾಸ್ತಿ. ತೂಕ ನೋಡಿದರೆ ಸಾಲದು, ಆ ತೂಕಕ್ಕೆ ಏನು ಸಿಗುತ್ತದೆ ಅಂತ ನೋಡಬೇಕು ಅಲ್ವಾ? ಅದನ್ನು ಆ ಒಂದು ರಾತ್ರಿ ನನಗೆ ಕಲಿಸಿತು.

ಅದೇ ರಾತ್ರಿ ನೀರು ಸೋಸುವ ಫಿಲ್ಟರ್ ಕೂಡ ಹೋಯಿತು. ಅದರೊಳಗೆ ಕೂದಲಿಗಿಂತ ತೆಳುವಾದ ಟೊಳ್ಳು ನಾರುಗಳಿರುತ್ತವೆ. ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಆ ನಾರು ಒಡೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ನೀರೂ ಬರುತ್ತದೆ, ಆದರೆ ಸೋಸುವುದಿಲ್ಲ. ಒಮ್ಮೆ ಹೆಪ್ಪುಗಟ್ಟಿದ ಫಿಲ್ಟರನ್ನು ನಂಬುವಂತಿಲ್ಲ. ಈಗ ರಾತ್ರಿ ಅದನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ಲೀಪಿಂಗ್ ಬ್ಯಾಗಿನ ಒಳಗೆ, ಹೊಟ್ಟೆಯ ಹತ್ತಿರ ಇಟ್ಟುಕೊಳ್ಳುತ್ತೇನೆ. ಫೋನು, ಗ್ಯಾಸ್ ಡಬ್ಬಿ ಎಲ್ಲವೂ ಅಲ್ಲೇ. ಗ್ಯಾಸ್ ಡಬ್ಬಿ ಯಾಕೆ ಅಂದರೆ, ಸಾಧಾರಣ ಬ್ಯುಟೇನ್ ಮೈನಸ್ ಅರ್ಧ ಡಿಗ್ರಿಯ ಕೆಳಗೆ ಸರಿಯಾಗಿ ಆವಿಯಾಗುವುದಿಲ್ಲ. ಐಸೊಬ್ಯುಟೇನ್ ಇರುವ ಡಬ್ಬಿ ಸುಮಾರು ಮೈನಸ್ 11ರವರೆಗೆ ತಡೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ ಕೊಳ್ಳಬೇಕು.

ಬಟ್ಟೆಯ ವಿಷಯದಲ್ಲಿ ನಾನು ಅಜ್ಜನ ಹಾದಿಗೇ ಬಂದೆ. ಮೈಗೆ ತಾಗುವ ಬಟ್ಟೆ ಉಣ್ಣೆಯದೇ. ಕಂಬಳಿ ಒದ್ದೆಯಾದರೂ ಬೆಚ್ಚಗಿರುತ್ತದೆ ಅಂತ ಅಜ್ಜ ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಅದರ ಎಳೆ ಸುರುಳಿಯಾಗಿರುವುದರಿಂದ ಗಾಳಿ ಒಳಗೇ ಉಳಿಯುತ್ತದೆ. ಹತ್ತಿ ಬಟ್ಟೆ ಬೆವರಿಗೆ ನೆನೆದರೆ ಅಷ್ಟೇ, ಒಣಗುವುದಿಲ್ಲ, ಮೈ ಬಿಸಿಯನ್ನೆಲ್ಲ ಎಳೆದು ಬಿಡುತ್ತದೆ. ಬೆಟ್ಟಕ್ಕೆ ಜೀನ್ಸ್ ಹಾಕಿಕೊಂಡು ಹೋಗಲೇಬೇಡಿ. ನನ್ನ ತೆಳು ಉಣ್ಣೆ ಅಂಗಿ 200 ಗ್ರಾಂ ಆಸುಪಾಸು. ಅಜ್ಜನ ಕರಿ ಕಂಬಳಿ ಎರಡು ಕೆ.ಜಿ. ಇದ್ದಿರಬಹುದು. ಆದರೆ ಅದೊಂದೇ ಅವರಿಗೆ ಹಾಸಿಗೆ, ಹೊದಿಕೆ, ಕೊಡೆ, ಕೋಟು ಎಲ್ಲ ಆಗಿತ್ತು. ಅಷ್ಟೆಲ್ಲ ಕೆಲಸ ಮಾಡುವ ಒಂದು ವಸ್ತು ನನ್ನ ಪಟ್ಟಿಯಲ್ಲಿ ಇವತ್ತಿಗೂ ಇಲ್ಲ.

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲ ವರ್ಷ ಅಕ್ಕಿ ಒಯ್ದಿದ್ದೆ ಅಂದೆನಲ್ಲ. ನಮ್ಮ ಬಿಡಾರ ಸುಮಾರು 3,200 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 89 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿ ಆಗುವುದಿಲ್ಲ. ಅನ್ನ ಬೇಯಲು ಹೊತ್ತು ಬೇಕು, ಬೇಳೆ ಅಂತೂ ಬೇಯುವುದೇ ಇಲ್ಲ. ಅದಕ್ಕೇ ಕುಕ್ಕರ್ ಒಯ್ದಿದ್ದು. ಇಲ್ಲಿಯ ಬೇಟೆಗಾರರು ಒಣಗಿಸಿ ಪೊಟ್ಟಣ ಕಟ್ಟಿದ ಊಟ ಒಯ್ಯುತ್ತಾರೆ. ಬಿಸಿನೀರು ಹಾಕಿದರೆ ಆಯಿತು. ಒಂದೊಂದು ಪೊಟ್ಟಣಕ್ಕೂ ದುಡ್ಡು ಜಾಸ್ತಿ, ರುಚಿಯೂ ನನಗೆ ಹಿಡಿಸಲಿಲ್ಲ.

ಒಂದು ದಿನ ಹೆಂಡತಿ ಅವಲಕ್ಕಿ ಒಗ್ಗರಣೆ ಮಾಡುತ್ತಿದ್ದಾಗ ನನಗೆ ಹೊಳೆಯಿತು. ಇದು ಬೆಂದು ಒಣಗಿದ ಅಕ್ಕಿಯೇ ಅಲ್ಲವಾ? ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ಚಪ್ಪಟೆ ಮಾಡುವಾಗಲೇ ಬೇಯಿಸುವ ಕೆಲಸ ಮುಗಿದಿರುತ್ತದೆ. ತಣ್ಣೀರು ಹಾಕಿದರೂ ಮೆತ್ತಗಾಗುತ್ತದೆ. ಒಲೆ ಕೆಟ್ಟರೂ ಊಟ ಕೆಡುವುದಿಲ್ಲ. ಯಾತ್ರೆ ಹೋಗುವವರು, ಗದ್ದೆ ಕೆಲಸಕ್ಕೆ ಹೋಗುವವರು ಬುತ್ತಿಗೆ ಅವಲಕ್ಕಿ ಕಟ್ಟಿಕೊಳ್ಳುತ್ತಿದ್ದದ್ದು ಇದಕ್ಕೇ. ಈಗ ನಾನು ದಿನಕ್ಕೆ 200 ಗ್ರಾಂ ಅವಲಕ್ಕಿ ಹಾಕಿಕೊಳ್ಳುತ್ತೇನೆ. ಅರ್ಧಕ್ಕೆ ಹುಣಸೆ, ಬೆಲ್ಲ, ಸಾರಿನಪುಡಿ ಸೇರಿಸಿ ಗೊಜ್ಜವಲಕ್ಕಿಗೆ ಪುಡಿ ಮಾಡಿಟ್ಟುಕೊಂಡಿರುತ್ತೇನೆ. ಹುರಿಹಿಟ್ಟು 100 ಗ್ರಾಂ, ಹುರಿದ ಶೇಂಗಾ 150 ಗ್ರಾಂ, ತುಪ್ಪ 60 ಗ್ರಾಂ, ಒಂದಿಷ್ಟು ಬೆಲ್ಲ, ಗೋಡಂಬಿ, ಚಾಕೊಲೇಟ್. ಎಲ್ಲ ಸೇರಿ 750 ಗ್ರಾಂ ಒಳಗೆ ಮೂರು ಸಾವಿರಕ್ಕೂ ಮೇಲೆ ಕ್ಯಾಲೊರಿ.

ತುಪ್ಪ ಯಾಕೆ ಅಷ್ಟು ಅಂದರೆ, ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಅಕ್ಕಿ ಸಕ್ಕರೆಯಲ್ಲಿ 4. ತೂಕಕ್ಕೆ ಹೋಲಿಸಿದರೆ ಎರಡು ಪಟ್ಟಿಗಿಂತ ಜಾಸ್ತಿ. ಚಳಿಗೆ ತುಪ್ಪ ಗಟ್ಟಿಯಾಗಿರುವುದರಿಂದ ಚೆಲ್ಲುವ ಭಯವೂ ಇಲ್ಲ. ಬೇಟೆಗೆ ಜೊತೆಯಾದ ಪಕ್ಕದ ಮನೆಯ ಹಿರಿಯರಿಗೆ ಮೊದಲ ದಿನ ಬಿಸಿನೀರಿನಲ್ಲಿ ಹುರಿಹಿಟ್ಟು, ಬೆಲ್ಲ, ತುಪ್ಪ ಕಲಸಿ ಕೊಟ್ಟೆ. ಮಾರನೇ ದಿನ ಅವರೇ ಬಟ್ಟಲು ಮುಂದೆ ಹಿಡಿದರು. ಈಗ ಅವರ ಚೀಲಕ್ಕೂ ನಾನೇ ಹುರಿಹಿಟ್ಟು ಮಾಡಿ ಕೊಡುತ್ತೇನೆ.

ಇನ್ನು ಕೋವಿ. ಇಲ್ಲಿ ನನಗೆ ಸ್ವಲ್ಪ ಖಾರವಾದ ಅಭಿಪ್ರಾಯ ಇದೆ. ಈಗ ಎರಡೂಕಾಲು ಕೆ.ಜಿ.ಯ ರೈಫಲ್‌ಗಳು ಬರುತ್ತಿವೆ. ಕೈಯಲ್ಲಿ ಹಿಡಿದರೆ ಆಟಿಕೆಯಂತೆ ಹಗುರ, ನೋಡಿದರೆ ಆಸೆ ಆಗುತ್ತದೆ. ಅಂಥ ಒಂದನ್ನು ಗೆಳೆಯರೊಬ್ಬರಿಂದ ತಗೊಂಡು ಗುರಿ ಅಭ್ಯಾಸದ ಜಾಗದಲ್ಲಿ ಇಪ್ಪತ್ತು ಈಡು ಹೊಡೆದು ನೋಡಿದೆ. ಅದೇ ತೋಟಾ ಹಗುರ ಕೋವಿಯಿಂದ ಹೊಡೆದರೆ ಒದೆ ಜಾಸ್ತಿ. ಇದು ಸರಳ ಲೆಕ್ಕ. ಗುಂಡು ಮುಂದಕ್ಕೆ ಹೋಗುವ ಬಲವನ್ನು ಕೋವಿಯ ತೂಕವೇ ತಡೆಯಬೇಕು. ಹತ್ತು ಈಡು ಆಗುವಷ್ಟರಲ್ಲಿ ನನ್ನ ಹೆಗಲು ಒದೆಗೆ ಮೊದಲೇ ಹೆದರಿ ಹಿಂದೆ ಸರಿಯುತ್ತಿತ್ತು. ಬೆರಳು ಕೋವಿಯ ಕುದುರೆಯನ್ನು, ಅಂದರೆ ಟ್ರಿಗರನ್ನು, ಜಗ್ಗುತ್ತಿತ್ತು. ಜೊತೆಗೆ ಓಡಿ ಹತ್ತಿ ಏದುಸಿರು ಬಿಡುವಾಗ ಹಗುರ ನಳಿಗೆ ನಿಲ್ಲುವುದೇ ಇಲ್ಲ, ಉಸಿರಿನ ಜೊತೆ ತೂಗಾಡುತ್ತದೆ.

ನಾನು ಉಳಿಸಿಕೊಂಡದ್ದು .308 ಅಳತೆಯ ತೋಟಾ ಹಾಕುವ ಒಂದು ಸಾದಾ ರೈಫಲ್. ದುರ್ಬೀನು ಸೇರಿ 3.3 ಕೆ.ಜಿ. ಬೇಕಿದ್ದರೆ ಇನ್ನೂ ಮುಕ್ಕಾಲು ಕೆ.ಜಿ. ಇಳಿಸಬಹುದು. ಇಳಿಸುವುದಿಲ್ಲ. ಆ ಮುಕ್ಕಾಲು ಕೆ.ಜಿ. ನನ್ನ ಗುರಿ ನೆಟ್ಟಗಿರಲು ಬೇಕು. ಗುರಿ ತಪ್ಪಿ ಹೊಟ್ಟೆಗೆ ತಾಗಿದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ನನ್ನ ಹೆಗಲಿನ ಸುಖಕ್ಕೆ ಅದು ಯಾಕೆ ಆ ನೋವು ತಿನ್ನಬೇಕು? ಅಜ್ಜನ ಕೇಪಿನ ಕೋವಿಗೆ ಒಂದೇ ಈಡು. ಮತ್ತೆ ಮಸಿ ತುಂಬಿ, ಗಜ ಹಾಕಿ ಜಡಿದು, ಕೇಪು ಇಡುವಷ್ಟರಲ್ಲಿ ಹಂದಿ ಊರು ದಾಟಿರುತ್ತಿತ್ತು. ಅದಕ್ಕೇ ಅವರು ಹತ್ತಿರ ಬರುವ ತನಕ ಕಾಯುತ್ತಿದ್ದರಂತೆ. ನಾನೂ 200 ಮೀಟರ್ ಆಚೆಗೆ ಹೊಡೆಯುವುದಿಲ್ಲ ಅಂತ ಗೆರೆ ಹಾಕಿಕೊಂಡಿದ್ದೇನೆ.

ಚಿಕ್ಕ ಸಾಮಾನುಗಳು ಬೇಗ ಮುಗಿಯುತ್ತವೆ. ಬ್ಲೇಡ್ ಬದಲಿಸುವ ಚಾಕು ಒಂದು, ನೂರು ಗ್ರಾಂ ಕೂಡ ಇಲ್ಲ. ಅಲಗು ಮೊಂಡಾದರೆ ತೆಗೆದು ಬೇರೆ ಸಿಕ್ಕಿಸಬಹುದು. ಆದರೆ ಬಹಳ ಹರಿತ, ಕತ್ತಲಲ್ಲಿ ಕೈ ಕುಯ್ದುಕೊಳ್ಳಬಾರದು. ಮಾಂಸ ತುಂಬಲು ಗಾಳಿಯಾಡುವ ತೆಳು ಬಟ್ಟೆಯ ಚೀಲ ಐದು. ತಲೆಗೆ ಕಟ್ಟುವ ದೀಪ ಎರಡು, ಒಂದು ಕೆಟ್ಟರೆ ಇರಲಿ ಅಂತ. ಅವಕ್ಕೆ ಲಿಥಿಯಂ ಸೆಲ್ಲೇ ಬೇಕು, ಮಾಮೂಲಿ ಸೆಲ್ ಚಳಿಗೆ ಬೇಗ ಬಳಲುತ್ತದೆ. ಹೊಳೆಯುವ ಕಿತ್ತಳೆ ಬಣ್ಣದ ಅಂಗಿ, ಟೋಪಿ. ರೈಫಲ್ ಬೇಟೆಯ ಕಾಲದಲ್ಲಿ ಸೊಂಟದ ಮೇಲೆ 500 ಚದರ ಇಂಚು ಆ ಬಣ್ಣ ಕಾಣಲೇಬೇಕು ಅಂತ ಕಾನೂನು. ಗುಲಾಬಿ ಬಣ್ಣವೂ ನಡೆಯುತ್ತದೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ, 100 ಗ್ರಾಂ. ಮೊಬೈಲ್ ಸಿಗ್ನಲ್ ಇಲ್ಲದ ಬೆಟ್ಟದಲ್ಲಿ ದಿನಾ ಸಂಜೆ ಮನೆಗೆ ‘ಚೆನ್ನಾಗಿದ್ದೇನೆ’ ಅಂತ ಒಂದು ಸಾಲು ಹೋಗುತ್ತದೆ. ಆ ನೂರು ಗ್ರಾಂ ನನ್ನ ಹೆಂಡತಿಯ ನಿದ್ದೆಗೆ.

ಎಲ್ಲ ಸೇರಿ ಐದು ದಿನಕ್ಕೆ, ಎರಡು ಲೀಟರ್ ನೀರೂ ಸೇರಿದಂತೆ, ಚೀಲ 15 ಕೆ.ಜಿ.ಗೆ ಬಂತು. ಮೊದಲ ವರ್ಷದ ಅರ್ಧ.

ಮೂರನೇ ವರ್ಷ ಅಕ್ಟೋಬರ್ ಕೊನೆಯ ವಾರ. ಏಪ್ರಿಲ್‌ನಲ್ಲಿ ಅರ್ಜಿ ಹಾಕಿ ಲಾಟರಿಯಲ್ಲಿ ಸಿಕ್ಕ ಹೆಣ್ಣು ಎಲ್ಕ್ ಪರವಾನಗಿ ಕಿಸೆಯಲ್ಲಿತ್ತು. ಬಿಡಾರ ಕಾರಿನಿಂದ 6 ಕಿಲೋಮೀಟರ್ ಮೇಲೆ. ಮೂರನೇ ದಿನ ಮಧ್ಯಾಹ್ನ, ಬಿಡಾರದಿಂದ ಇನ್ನೂ 2 ಕಿಲೋಮೀಟರ್ ಆಚೆ, ಒಂದು ಕಣಿವೆ ಇಳಿದು ಹತ್ತಿದ ಮೇಲೆ ಅವು ಸಿಕ್ಕವು. ಮೊದಲ ವರ್ಷದಂಥದ್ದೇ ಕಣಿವೆ. ಈ ಸಲ ಕಾಲು ಒಪ್ಪಿತು. ಚೀಲವನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಕೋವಿ ಇಟ್ಟು, ಉಸಿರು ತಿಳಿಯಾಗುವ ತನಕ ಕಾದೆ. 160 ಮೀಟರ್. ಒಂದೇ ಈಡು. ಅದು ನಾಲ್ಕು ಹೆಜ್ಜೆ ಹೋಗಿ ಮಲಗಿತು.

ಹತ್ತಿರ ಹೋಗಿ ಕೂತು ಅದರ ಕತ್ತಿನ ಮೇಲೆ ಕೈ ಇಟ್ಟೆ. ಕೂದಲು ಇನ್ನೂ ಬೆಚ್ಚಗಿತ್ತು. ಆ ಹೊತ್ತಿನಲ್ಲಿ ಸಂತೋಷವೂ ಇತ್ತು, ಅಳುವೂ ಇತ್ತು. ಹಿರಿಯರು ಸ್ವಲ್ಪ ದೂರ ನಿಂತು, ಟೋಪಿ ತೆಗೆದು, ಏನೂ ಮಾತಾಡಲಿಲ್ಲ.

ಆಮೇಲೆ ಕೆಲಸ. ಪರವಾನಗಿ ಚೀಟಿಗೆ ಸಹಿ, ತಾರೀಕು ಹಾಕಿ ಮಾಂಸಕ್ಕೆ ಕಟ್ಟಬೇಕು. ಗಂಡೋ ಹೆಣ್ಣೋ ಅಂತ ತಿಳಿಯುವ ಗುರುತು ಒಂದು ಭಾಗಕ್ಕೆ ಅಂಟಿಕೊಂಡೇ ಇರಬೇಕು. ಹೊಟ್ಟೆ ಬಗೆಯದೆ ಒಂದು ಪಕ್ಕದ ಚರ್ಮ ಸುಲಿದು, ಕಾಲಿನ ಭಾಗ, ಬೆನ್ನಿನ ಮಾಂಸ ತೆಗೆದು, ಹೊರಳಿಸಿ ಇನ್ನೊಂದು ಪಕ್ಕ. ಮೂಳೆಯನ್ನು ಅಲ್ಲೇ ಬಿಡಿಸಿದೆವು. ಮೂಳೆ ಬಿಡಿಸಿದರೆ ಹೊರೆ ಇಳಿಯುತ್ತದೆ, ಮಾಂಸವೂ ಬೇಗ ತಣಿಯುತ್ತದೆ. ಕತ್ತಲಾಗುವಷ್ಟರಲ್ಲಿ ತಲಾ 20 ಕೆ.ಜಿ. ಬಿಡಾರಕ್ಕೆ ತಂದೆವು. ಉಳಿದದ್ದನ್ನು ಅಲ್ಲೇ ದೂರದ ಒಂದು ಮರಕ್ಕೆ, ಕರಡಿಗೆ ಎಟುಕದ ಎತ್ತರಕ್ಕೆ ಕಟ್ಟಿ ಬಂದಿದ್ದೆವು. ಬೆಳಿಗ್ಗೆ ಹೋದಾಗ ಹಾಗೇ ಇತ್ತು, ಚೀಲದ ಮೇಲೆ ಬಿಳಿ ಮಂಜು ಕಟ್ಟಿತ್ತು.

ಮಾರನೇ ದಿನ ತಲಾ 22 ಕೆ.ಜಿ. ಹೊತ್ತು ಕಾರಿಗೆ ಇಳಿದು, ಐಸ್ ಪೆಟ್ಟಿಗೆಗೆ ಹಾಕಿ, ಮತ್ತೆ ಹತ್ತಿ ಬಂದು ಮಲಗಿದೆವು. ಅದರ ಮಾರನೇ ದಿನ ಉಳಿದ ಮಾಂಸ, ಟೆಂಟು, ಹಾಸಿಗೆ ಎಲ್ಲ ಒಂದೇ ಸುತ್ತಿನಲ್ಲಿ. ಬಿಡಾರದ ಸಾಮಾನು ಅಷ್ಟು ಹಗುರ ಇದ್ದದ್ದಕ್ಕೇ ಅದು ಆಯಿತು. ಹಳೆಯ 29 ಕೆ.ಜಿ. ಇದ್ದಿದ್ದರೆ ಇನ್ನೊಂದು ಸುತ್ತು, ಇನ್ನೊಂದು ದಿನ. ಆ ದಿನ ಮಧ್ಯಾಹ್ನ ಬಿಸಿಲು ಏರಿತ್ತು. ಮಾಂಸಕ್ಕೆ ಒಳ್ಳೆಯದಾಗುತ್ತಿರಲಿಲ್ಲ.

ಮನೆಗೆ ಬಂದು, ತೂಗಿ, ಪಾಲು ಮಾಡಿದೆವು. ಅಜ್ಜನ ಕಾಲದಲ್ಲಿ ಬಂದವರಿಗೆಲ್ಲ ಪಾಲು, ಕೋವಿಗೊಂದು ಪಾಲು, ನಾಯಿಗೂ ಒಂದು ಪಾಲು ಇರುತ್ತಿತ್ತಂತೆ. ನಮ್ಮದು ಹಿರಿಯರಿಗೆ ಅರ್ಧ, ನಮಗೆ ಅರ್ಧ, ನಮ್ಮ ಅರ್ಧದಲ್ಲಿ ಇಲ್ಲಿಯ ಮೂರು ಕನ್ನಡ ಮನೆಗಳಿಗೆ ಒಂದಿಷ್ಟು. ಭಾನುವಾರ ಹೆಂಡತಿ ಮೆಣಸು, ಧನಿಯ ಹುರಿದು ಅರೆದು ಸಾರು ಮಾಡಿದಳು. ಜೊತೆಗೆ ಕಡುಬು.

ಊರಿಗೆ ಫೋನ್ ಮಾಡಿದೆ. ಅಪ್ಪನಿಗೆ ಎಂಬತ್ತು ದಾಟಿದೆ. ಚಿಕ್ಕಂದಿನಲ್ಲಿ ಅಜ್ಜನ ಹಿಂದೆ ಕಾಡಿಗೆ ಹೋದವರು. ಎಷ್ಟು ದೊಡ್ಡದು, ಎಷ್ಟು ದೂರದಿಂದ ಹೊಡೆದೆ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ.

‘ಎಲ್ಲ ತಂದ್ಯೇನೋ?’ ಅಂದರು.

‘ಎಲ್ಲ ತಂದೆ ಅಪ್ಪ. ಒಂದು ತುಂಡೂ ಬಿಡಲಿಲ್ಲ.’

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಹಿಂದೆ ಮಳೆಯ ಸದ್ದು ಕೇಳುತ್ತಿತ್ತು.

‘ಮೊಣಕಾಲು ಹೆಂಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೋ’ ಅಂದರು.